ಅಂಗೈ ಅಲುಗಬಾರದು

ಅಡುಗೆಮನೆಯಲ್ಲಿ ತಾಟು ಬಿದ್ದರೆ ಇಂದಿಗೂ ನನ್ನ ಎಡಗೈ ತಾನಾಗಿ ಗಟ್ಟಿಯಾಗುತ್ತದೆ. ಸೊಸೆಗೆ ಇದು ಗೊತ್ತು. "ಏನಿಲ್ರಿ ಮಾವಾರ, ತಾಟು ಕೈ ಜಾರಿತು" ಎಂದು ಒಳಗಿನಿಂದಲೇ ಕೂಗುತ್ತಾಳೆ. ಅವಳ ಮಾತು ಮುಗಿಯುವಷ್ಟರಲ್ಲಿ ನನ್ನ ಅಂಗೈ ಮೇಲ್ಮುಖವಾಗಿ, ಬೆರಳು ಜೋಡಿಸಿಕೊಂಡು, ಎದೆಯ ಮಟ್ಟಕ್ಕೆ ಬಂದು ನಿಂತಿರುತ್ತದೆ. ಅದರ ಮೇಲೆ ಏನೂ ಇರುವುದಿಲ್ಲ. ಇಲ್ಲದ್ದು ಬೀಳಬಾರದೆಂದು ಅದು ಕಾಯುತ್ತಿರುತ್ತದೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರು ನಮ್ಮ ಅಜ್ಜಾರನ್ನು ನೋಡಿದವರಲ್ಲ.

ಅಜ್ಜಾರು ಎಂದರೆ ನಮ್ಮ ಕಡೆ ಮಠದ ಸ್ವಾಮಿಗಳು. ಅವರು ನನಗೆ ಸಿಕ್ಕ ಮೊದಲ ಗುರುಗಳಲ್ಲ. ನನ್ನ ಅಪ್ಪ ಯಲಬುರ್ಗಾ ಕಡೆಯ ಒಂದು ಹಳ್ಳಿಯ ಅಯ್ಯನವರು. ಮದುವೆ, ಮನೆ ತುಂಬುವುದು, ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು, ಸತ್ತವರ ಹಣೆಗೆ ವಿಭೂತಿ ಹಚ್ಚುವುದು, ಎಲ್ಲಕ್ಕೂ ಊರವರು ಅವರನ್ನೇ ಕರೆಯುತ್ತಿದ್ದರು. ಅವರ ನಂತರ ಆ ಕೆಲಸ ನನ್ನದು. ಆಗ ನಿಜಾಮರ ಕಾಲ, ಸರ್ಕಾರಿ ಶಾಲೆಯಲ್ಲಿ ಉರ್ದು, ಮಠದಲ್ಲಿ ಕನ್ನಡ. ಒಬ್ಬ ಗುರುವಿನ ಕೈಕೆಳಗೆ ಕಲಿತು ಬರಲಿ ಎಂದು ಅಪ್ಪ ನನ್ನನ್ನು ಊರೂರು ಸುತ್ತಿಸಿದರು. ಕುಷ್ಟಗಿಯ ಹತ್ತಿರ ಮೊದಲು ಸಿಕ್ಕ ಗುರುಗಳು ಬಹಳ ಒಳ್ಳೆಯವರು. ಅವರ ಕಾಲು ಒತ್ತುವುದರಲ್ಲೇ ನನ್ನ ಒಂದು ಬೇಸಿಗೆ ಕಳೆಯಿತು. ಒತ್ತುತ್ತಿದ್ದಂತೆ ಅವರು ನಿದ್ದೆ ಹೋಗುತ್ತಿದ್ದರು, ಅವರ ಹಿಂದೆಯೇ ನಾನೂ ಹೋಗುತ್ತಿದ್ದೆ. ಗಂಗಾವತಿ ಕಡೆಯ ಎರಡನೆಯವರಿಗೆ ಒಳ್ಳೆಯ ಕಂಠವಿತ್ತು. ಅವರ ಹಿಂದೆ ತಾಳ ಹಾಕುತ್ತ ಗದ್ದೆಸೀಮೆಯ ಊರುಗಳಲ್ಲಿ ತಿರುಗಿ ಮೈಗೆ ಒಂದಿಷ್ಟು ಅನ್ನ ಹತ್ತಿತು, ತಲೆಗೆ ಏನೂ ಹತ್ತಲಿಲ್ಲ. ಅಪ್ಪನಿಗೆ ಸಿಟ್ಟು ಬಂತು. "ಇವಂಗ ಹೆದರಿಕಿ ಇರೋ ಜಾಗಾ ಬೇಕು" ಎಂದು ಅಳವಂಡಿಯಾಚೆಯ ಒಂದು ಸಣ್ಣ ಮಠಕ್ಕೆ ಕರೆದುಕೊಂಡು ಹೋದರು. ಆ ಹೊತ್ತಿಗೆ ನನಗೆ ಮೀಸೆ ಚಿಗುರಿತ್ತು.

ಮಠದ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಅಜ್ಜಾರು ನೆಟ್ಟಗೆ ಕೂತಿದ್ದರು. ಎತ್ತರದ ಒಣ ಮೈ, ಬೋಳು ತಲೆ, ರೆಪ್ಪೆ ಬಡಿಯದ ಕಣ್ಣು. ನನ್ನ ಹೆಸರು ಕೇಳಲಿಲ್ಲ, ಏನು ಕಲಿತಿದ್ದೀ ಎಂದು ಕೇಳಲಿಲ್ಲ. "ಎಡಗೈ ಚಾಚು" ಎಂದರು. ಅಂಗೈ ಮೇಲೆ ಒಂದು ವಿಭೂತಿ ಗಟ್ಟಿ ಇಟ್ಟು ಅಪ್ಪನ ಜೊತೆ ಮಳೆ ಬೆಳೆ ಮಾತಾಡತೊಡಗಿದರು. ನಾನು ಕೈ ಚಾಚಿಕೊಂಡು ನಿಂತೇ ಇದ್ದೆ. ಒಮ್ಮೆಲೇ ನನ್ನ ಬೆನ್ನ ಹಿಂದೆ ಧಡಾರ್ ಎಂದು ಹಿತ್ತಾಳೆ ತಾಟು ಬಿತ್ತು. ಯಾವಾಗ ಸನ್ನೆ ಮಾಡಿದ್ದರೋ, ಅವರ ಶಿಷ್ಯನೊಬ್ಬ ಹಿಂದೆ ಬಂದು ಕೆಡವಿದ್ದ. ನಾನು ಮಾರುದ್ದ ಜಿಗಿದೆ. ವಿಭೂತಿ ಗಟ್ಟಿ ಗೋಡೆಗೆ ಬಡಿದು ಪುಡಿಯಾಯಿತು. ಅಪ್ಪ ನಾಚಿ ನೆಲ ನೋಡಿದರು.

ಅಜ್ಜಾರು ಮಾತ್ರ ಸಮಾಧಾನದಿಂದ, "ಇರ್ಲಿ ಬಿಡ್ರಿ ಅಯ್ಯಾರ, ಹುಡುಗ ಛಲೋ ಹೆದರ್ತಾನ. ಕಲೀತಾನ" ಎಂದರು. ಹೀಗೆ ನಾನು ಅವರ ಶಿಷ್ಯನಾದೆ.

ನಮ್ಮಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಗುರುಗಳು ಬಂದು ಲಿಂಗ ಕಟ್ಟುತ್ತಾರೆ. ನೇರಳೆ ಹಣ್ಣಿನ ಗಾತ್ರದ, ಕಪ್ಪಗೆ ಹೊಳೆಯುವ ಲಿಂಗ. ಸಾಯುವ ತನಕ ಅದು ಮೈಮೇಲೆ ಇರಬೇಕು, ಸತ್ತಾಗ ಜೊತೆಗೇ ಮಣ್ಣಿಗೆ ಹೋಗಬೇಕು. ದಿನ ಬೆಳಗಾದರೆ ಮಿಂದು ಬಂದು ಅದನ್ನು ಎಡ ಅಂಗೈ ಮೇಲಿಟ್ಟು ಪೂಜೆ ಮಾಡಿ, ಅದನ್ನೇ ನೋಡುತ್ತ ಕೂರುವುದು. ಇದು ಎಲ್ಲ ಮನೆಯಲ್ಲೂ ಇದ್ದದ್ದೇ. ಆದರೆ ಅಜ್ಜಾರು ಇದನ್ನು ಒಂದು ಗರಡಿ ಮಾಡಿಬಿಟ್ಟಿದ್ದರು. ಅವರು ಪಾಠ ಹೇಳುತ್ತಿದ್ದರು, ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದರು, ಎಲ್ಲವೂ ಇತ್ತು. ಆದರೆ ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಪಾಠ. "ಅಂಗೈ ಅಲುಗಬಾರದು. ಅಂಗೈ ಅಲುಗಿದ್ರ ಮನಸ್ಸು ಅಲುಗೇತಿ ಅಂತ ಅರ್ಥ. ಮನಸ್ಸು ಅಲುಗಿದವ ಮಂದಿಗೆ ಏನ ಹೇಳ್ತಾನು?"

ನಾವು ಸಾಲಾಗಿ ಕೂತು ಲಿಂಗದ ಮೇಲೆ ಕಣ್ಣು ನೆಟ್ಟಾಗ ಅವರು ಹಿಂದೆ ಓಡಾಡುತ್ತಿದ್ದರು. ಯಾವಾಗ ತಾಟು ಬೀಳುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕೆಲವು ದಿನ ಬೀಳುತ್ತಲೇ ಇರಲಿಲ್ಲ, ಆ ದಿನಗಳೇ ಹೆಚ್ಚು ಭಯಂಕರ. ಒಮ್ಮೆ ಬೆನ್ನ ಮೇಲೆ ಬಾವಿಯ ತಣ್ಣೀರು ಸುರಿದರು. ಒಮ್ಮೆ ತಾಟೂ ಇಲ್ಲ, ನೀರೂ ಇಲ್ಲ, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ "ಹಾವು" ಎಂದರು. ನನ್ನ ಪಕ್ಕದವನು ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಾಗಿಲು ದಾಟಿದ. ಅಜ್ಜಾರು ನಗಲಿಲ್ಲ. ಅವರು ತಮಾಷೆಗೆ ಇದನ್ನೆಲ್ಲ ಮಾಡುತ್ತಿರಲಿಲ್ಲ. ಅವರ ಸ್ವಂತ ಅಂಗೈ ಹೇಗಿತ್ತೆಂದರೆ, ಮಠದ ಮುಂದೆ ಸಿಡಿಲು ಬಡಿದು ಬೇವಿನಮರ ಸೀಳಿಹೋದ ದಿನವೂ ಅದರ ಮೇಲಿನ ಬಿಲ್ವಪತ್ರಿ ಜರುಗಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಲಿಂಗ ಕೆಳಗೆ ಬಿದ್ದರೆ ಏನು ಎಂದು ಯಾರೋ ಒಮ್ಮೆ ಕೇಳಿದರು. ಬೇರೆ ಮಠಗಳಲ್ಲಿ ಇದಕ್ಕೆ ಶಾಂತಿ ಇದೆ, ಪ್ರಾಯಶ್ಚಿತ್ತ ಇದೆ. ಅಜ್ಜಾರಲ್ಲಿ ಇರಲಿಲ್ಲ. ಅವರು ಹುಡುಗರಾಗಿದ್ದಾಗ ಅವರ ಜೊತೆಗೆ ಕಲಿಯುತ್ತಿದ್ದ ಹಿರಿಯ ಶಿಷ್ಯನೊಬ್ಬನ ಲಿಂಗ ತುಂಗಭದ್ರೆಯಲ್ಲಿ ಮೀಯುವಾಗ ಜಾರಿಹೋಯಿತಂತೆ. ಅವನು ದಂಡೆಯ ಬಂಡೆಯ ಮೇಲೆ ಕೂತ. ಅನ್ನ ಬಿಟ್ಟ, ನೀರು ಬಿಟ್ಟ. ಮುಂದೆಯೇ ಹೊಳೆ ಹರಿಯುತ್ತಿತ್ತು, ಒಂದು ಬೊಗಸೆ ಎತ್ತಿಕೊಳ್ಳಲಿಲ್ಲ. "ನೋಡಾಕ ನಾನೂ ಹೋಗಿದ್ನಿ. ತುಟಿ ಸೀಳಿದ್ವು. ಮುಖಾ ಮಾತ್ರ ಶಾಂತ ಇತ್ತು. ಬೀಳಿಸಿಕೊಂಡವ ಮಾಡಬೇಕಾದ್ದು ಅದು" ಎಂದು ಅಜ್ಜಾರು ಕಥೆ ಮುಗಿಸಿದರು. ಅವತ್ತು ನಮಗೆ ಯಾರಿಗೂ ರೊಟ್ಟಿ ಇಳಿಯಲಿಲ್ಲ. ಅವರು ಹೇಳಿದ್ದನ್ನು ಮಾಡುವವರು ಎಂದು ನಮಗೆಲ್ಲ ಗೊತ್ತಿತ್ತು.

ಇಂಥವರಿಗೂ ಒಂದು ಮೆತ್ತನೆಯ ಜಾಗ ಇತ್ತು. ಅವರು ವಿರಕ್ತರು, ಅಂದರೆ ಮನೆ-ಮಾರು, ಬಂಧು-ಬಳಗ ಎಲ್ಲ ಬಿಟ್ಟವರು. ಬಿಟ್ಟ ಮೇಲೆ ತಾಯಿಯೂ ಇಲ್ಲ, ಅಕ್ಕ-ತಂಗಿಯರೂ ಇಲ್ಲ, ಬಂದರೆ ಭಕ್ತರ ಹಾಗೆ ಬಂದು ದೂರದಿಂದ ನಮಸ್ಕರಿಸಿ ಹೋಗಬೇಕು. ವರ್ಷಕ್ಕೊಮ್ಮೆ ಬೇವೂರಿನ ಕಡೆಯಿಂದ ಬರುವ ಗಾಡಿಯವನು ಒಂದು ಸಣ್ಣ ಗಂಟು ತಂದುಕೊಡುತ್ತಿದ್ದ. ಒಳಗೆ ಗುರೆಳ್ಳು ಚಟ್ನಿಪುಡಿ. "ಅಕ್ಕಾರು ಕಳಿಸ್ಯಾರ್ರಿ" ಎನ್ನುತ್ತಿದ್ದ. ಅಜ್ಜಾರು ಮುಟ್ಟುತ್ತಿರಲಿಲ್ಲ. "ಹುಡುಗರಿಗೆ ಹಾಕು" ಎಂದು ನನ್ನ ಕಡೆ ತಳ್ಳುತ್ತಿದ್ದರು. ನಾವು ರೊಟ್ಟಿಗೆ ಹಚ್ಚಿಕೊಂಡು ಮುಗಿಸಿದ ಮೇಲೆ, ಗಂಟು ಕಟ್ಟಿದ್ದ ಬಿಳಿ ಬಟ್ಟೆಯನ್ನು ತಾವೇ ಒಗೆದು ಒಣಗಿಸಿಕೊಳ್ಳುತ್ತಿದ್ದರು. ಅಭಿಷೇಕದ ನಂತರ ಲಿಂಗ ಒರೆಸುವುದಕ್ಕೆ ಅವರು ಬಳಸುತ್ತಿದ್ದದ್ದು ಆ ಬಟ್ಟೆಯನ್ನೇ. ಇದನ್ನು ಬೇರೆ ಯಾರೂ ಗಮನಿಸಿರಲಿಲ್ಲ. ನಾನು ಪೂಜೆಯಲ್ಲಿ ಅವರ ಎದುರಿಗೆ ಕೂತು ಗಂಧ, ಪತ್ರಿ ಕೊಡುವವನು, ಅದರಿಂದ ಕಂಡಿತ್ತು.

ಎದುರಿಗೆ ಕೂತದ್ದರಿಂದಲೇ ಇನ್ನೊಂದೂ ಕಂಡಿತು. ಅಜ್ಜಾರ ಎಡಗೈಯ ಕಿರುಬೆರಳು ಸಣ್ಣಗೆ ನಡುಗುತ್ತಿತ್ತು.

ಚಳಿಗೆ ಇರಬೇಕು ಎಂದುಕೊಂಡೆ. ಚಳಿ ಹೋಯಿತು, ನಡುಕ ಹೋಗಲಿಲ್ಲ. ಕಿರುಬೆರಳಿನಿಂದ ಮಣಿಕಟ್ಟಿಗೆ ಬಂತು. ಲಿಂಗದ ಮೇಲಿಟ್ಟ ಪತ್ರಿ ಗಾಳಿಯಿಲ್ಲದೆ ಅಲುಗತೊಡಗಿತು. ಅಜ್ಜಾರು ಬೇಗ ಬೇಗ ಪೂಜೆ ಮುಗಿಸಿ ಕರಡಿಗೆಯಲ್ಲಿ ಲಿಂಗವಿಟ್ಟು ಕೊರಳಿಗೆ ಹಾಕಿಕೊಂಡುಬಿಡುತ್ತಿದ್ದರು. ಯಾರಿಗೂ ಏನೂ ಹೇಳಲಿಲ್ಲ. ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಮೊದಲು ನನ್ನ ಅಂಗೈಗೆ ಹೆದರುತ್ತಿದ್ದವನು ಈಗ ಅವರ ಅಂಗೈಗೆ ಹೆದರುತ್ತಿದ್ದೆ. ಲಿಂಗ ಜಾರಿದರೆ ಅವರು ಆ ಹೊಳೆದಂಡೆಯವನ ಹಾಗೆ ಕೂತುಬಿಡುತ್ತಾರೆ, ಸಾಯುತ್ತಾರೆ, ಅದರಲ್ಲಿ ಅನುಮಾನವೇ ಇರಲಿಲ್ಲ.

ಕೊಪ್ಪಳದ ಪೇಟೆಗೆ ಹೋದಾಗ ಅಲ್ಲಿನ ಹಕೀಮರನ್ನು ಕದ್ದು ಕಂಡೆ. ಬಿಳಿ ಗಡ್ಡದ ಮುದುಕರು, ಗುರುಗಳ ಬಗ್ಗೆ ಗೌರವ ಇದ್ದವರು. ನನ್ನ ಮಾತೆಲ್ಲ ಕೇಳಿ ತಲೆ ಅಲ್ಲಾಡಿಸಿದರು. "ಇದು ಉಮರಿನ ನಡುಕ ಬೇಟಾ, ವಯಸ್ಸಾದ್ರ ಬರೂದು, ಹೋಗೂದಲ್ಲ. ಗಾಬ್ರಿ ಆದಷ್ಟೂ ಜಾಸ್ತಿ ಆಗ್ತದ. ಅವರ ಮುಂದ ಕುಂತವ್ರು ಗಾಬ್ರಿ ಆಗಬಾರದು ನೋಡು" ಎಂದರು. ಅವರ ಮುಂದೆ ಕೂರುವವನು ನಾನೇ! ಗಾಬರಿ ಆಗಬಾರದು ಎಂಬ ಗಾಬರಿಯೂ ಈಗ ಸೇರಿಕೊಂಡಿತು.

ಕೊನೆಗೆ ನನಗೆ ಹೊಳೆದದ್ದು ಗಂಧ. ಮಾಮೂಲಿಗಿಂತ ಗಟ್ಟಿಯಾಗಿ, ಬೆಣ್ಣೆಯ ಹಾಗೆ ತೇಯ್ದು ಅವರ ಅಂಗೈಗೆ ಹಚ್ಚಿಕೊಟ್ಟರೆ ಲಿಂಗ ಅದರಲ್ಲಿ ಅಂಟಿಕೊಂಡು ಕೂತೀತು ಎಂದು ಲೆಕ್ಕ ಹಾಕಿದೆ. ಮೊದಲ ದಿನ ಹಚ್ಚಿಕೊಟ್ಟೆ. ಅಜ್ಜಾರು ಅಂಗೈ ನೋಡಿಕೊಂಡರು. "ಗಂಧ ದಪ್ಪ ಆಗೇತಿ" ಎಂದರು.

"ಹೌದ್ರಿ ಅಜ್ಜಾರ" ಎಂದೆ.

ಅವರು ನನ್ನ ಮುಖ ನೋಡಿದರು. ಬೈಯಲಿಲ್ಲ. "ನಾಳಿನೂ ಹಿಂಗ ಇರ್ಲಿ" ಎಂದು ಲಿಂಗ ಇಟ್ಟುಕೊಂಡರು. ಆಗ ನನಗೆ ತಿಳಿಯಿತು. ಅವರಿಗೂ ಗೊತ್ತಿದೆ, ಅವರೂ ಹೆದರಿದ್ದಾರೆ. ಸಿಡಿಲಿಗೆ ಹೆದರದವರು ಹೆದರಿದ್ದಾರೆ ಎಂದರೆ ನಾನು ಯಾರನ್ನು ಹಿಡಿದುಕೊಂಡು ಧೈರ್ಯ ತಂದುಕೊಳ್ಳಲಿ?

ಶ್ರಾವಣ ಬಂತು. ಒಂದು ಸೋಮವಾರ ಮಠ ತುಂಬಿತ್ತು. ಭಕ್ತರೆಲ್ಲ ಅಜ್ಜಾರ ಬೆನ್ನ ಹಿಂದೆ ಕೂತಿದ್ದರು, ಎದುರಿಗೆ ನಾನೊಬ್ಬನೇ. ಮಳೆ ಹನಿಯುತ್ತಿದ್ದ ದಿನ, ಗಂಧ ನೀರಾಗಿತ್ತು, ಎಷ್ಟು ತೇಯ್ದರೂ ಗಟ್ಟಿಯಾಗಲಿಲ್ಲ. ಯಾರೋ ಹೊರಗೆ ಗಂಟೆ ಬಾರಿಸಿದರು. ಅಜ್ಜಾರ ಮಣಿಕಟ್ಟು ಒಮ್ಮೆ ಜೋರಾಗಿ ಅದುರಿತು. ಲಿಂಗ ಅಂಗೈಯಿಂದ ಜಾರಿ ಅವರ ಮೊಣಕಾಲಿಗೆ ತಾಗಿ, ಅಲ್ಲಿಂದ ಕಲ್ಲು ಹಾಸಿನ ಮೇಲೆ ಬಿದ್ದು, ಉರುಳಿ ನನ್ನ ತೊಡೆಗೆ ಬಂದು ನಿಂತಿತು. ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಗಂಟೆಯ ಸದ್ದಿನಲ್ಲಿ ಇನ್ನೊಂದು ಸದ್ದು ಯಾರಿಗೂ ಕೇಳಿಸಿರಲಿಲ್ಲ. ಅವರ ಬೆನ್ನು ಅಡ್ಡವಿದ್ದದ್ದರಿಂದ ಯಾರಿಗೂ ಕಂಡಿರಲಿಲ್ಲ. ಅಜ್ಜಾರ ಕಣ್ಣು ಅರ್ಧ ಮುಚ್ಚಿತ್ತು, ತೆರೆದು ನೋಡುವಷ್ಟರಲ್ಲಿ ಲಿಂಗ ನನ್ನ ಬೊಗಸೆಯಲ್ಲಿತ್ತು.

"ನೆಲಾ ಮುಟ್ಟಿತೇನು?" ಎಂದು ನನಗೊಬ್ಬನಿಗೇ ಕೇಳುವಂತೆ ಕೇಳಿದರು.

ಇಲ್ಲ, ನನ್ನ ಕೈಯಲ್ಲೇ ಬಿತ್ತು ಎಂದರೆ ಮುಗಿಯಿತು. ಅವರು ಉಳಿಯುತ್ತಾರೆ. ನಾಲಿಗೆ ತುದಿಗೆ ಬಂದಿತ್ತು. ಅವರ ಆ ರೆಪ್ಪೆ ಬಡಿಯದ ಕಣ್ಣು ನನ್ನನ್ನೇ ನೋಡುತ್ತಿತ್ತು. ನನ್ನ ಬಾಯಿಂದ ಬಂದದ್ದು, "ಮುಟ್ಟಿತ್ರಿ."

ಅವರು ತಲೆಯಾಡಿಸಿದರು. ಲಿಂಗವನ್ನು ತೊಳೆಸಿ, ಆ ಬಿಳಿ ಬಟ್ಟೆಯಲ್ಲಿ ಒರೆಸಿ, ಪೀಠದ ಮೇಲೆ ಇಡಿಸಿದರು. ತಿರುಗಿ ಕೂತು ಭಕ್ತರಿಗೆ ತಾವೇ ಹೇಳಿದರು. "ನನ್ನ ಲಿಂಗ ನೆಲಾ ಮುಟ್ಟೇತಿ. ಇನ್ನ ನನಗ ಅನ್ನ ನೀರು ಇಲ್ಲ. ಯಾರೂ ಹೇಳಾಕ ಬರಬ್ಯಾಡ್ರಿ." ಹೆಂಗಸರು ಅತ್ತರು. ಮಠದ ಉಸ್ತುವಾರಿ ನೋಡುತ್ತಿದ್ದ ಗೌಡರು ಕಾಲು ಹಿಡಿದುಕೊಂಡು, ಬೇರೆ ಗುರುಗಳನ್ನು ಕರೆಸಿ ಶಾಂತಿ ಮಾಡಿಸೋಣ ಎಂದು ಬೇಡಿಕೊಂಡರು. ಅಜ್ಜಾರು ಕಣ್ಣು ಮುಚ್ಚಿಕೊಂಡು ಕಂಬಕ್ಕೆ ಒರಗಿದರು. ಅವರ ಗುರುಗಳು ತೀರಿಕೊಂಡು ಬಹಳ ಕಾಲವಾಗಿತ್ತು. ಅವರಿಗೆ ಉಣ್ಣು ಎಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ನನ್ನ ಒಂದು ಮಾತಿನಿಂದ ಅವರು ಸಾಯುತ್ತಿದ್ದರು.

ಆಗ ನನಗೆ ಆ ಗುರೆಳ್ಳಿನ ಗಂಟು ನೆನಪಾಯಿತು.

ಮಂಗಳವಾರ ಬೆಳಕು ಹರಿಯುವ ಮುಂಚೆ ಯಾರಿಗೂ ಹೇಳದೆ ಬೇವೂರಿನ ದಾರಿ ಹಿಡಿದೆ. ಗುರುವಿನ ಅಪ್ಪಣೆಯಿಲ್ಲದೆ ಮಠ ಬಿಟ್ಟದ್ದು ಒಂದು ತಪ್ಪು, ವಿರಕ್ತರ ಮುಂದೆ ಅವರ ಒಡಹುಟ್ಟಿದವಳನ್ನು ತಂದು ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ಅವರ ಸಿಟ್ಟನ್ನು ನೆನೆದರೆ ಕಾಲು ಹಿಂದಕ್ಕೆ ಎಳೆಯುತ್ತಿತ್ತು, ಅವರ ಒಣ ತುಟಿಯನ್ನು ನೆನೆದರೆ ಮುಂದಕ್ಕೆ ಓಡುತ್ತಿತ್ತು. ಹಳ್ಳ ದಾಟಿ ಕುರುಚಲು ಗುಡ್ಡದ ಸಾಲಿಗೆ ಬಂದಾಗ ಹಾಡುಹಗಲೇ ಒಂದು ತೋಳ ಎದುರಾಯಿತು. ದಾರಿಯ ಪಕ್ಕ ನಿಂತು ನನ್ನನ್ನು ನೋಡಿತು. ಮಠದಲ್ಲಿ ಕಲಿತದ್ದೆಲ್ಲ ಆಗ ಕೆಲಸಕ್ಕೆ ಬಂತೋ ಏನೋ, ನಾನು ಅಲುಗದೆ ನಿಂತೆ. ಅದು ತನ್ನ ಪಾಡಿಗೆ ಹೋಯಿತು. ಹೋದ ಮೇಲೆ ಕೂತು ಅತ್ತೆ.

ಬೇವೂರಿನಲ್ಲಿ ಅಕ್ಕನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಜ್ಜಾರದೇ ಎತ್ತರ, ಅದೇ ಒಣ ಮೈ, ಮುಖದ ತುಂಬ ಸುಕ್ಕು. ಸಜ್ಜೆ ಹಸನು ಮಾಡುತ್ತ ಕೂತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರ ಕೈಯಿಂದ ಮೊರ ಜಾರಿ ಸಜ್ಜೆ ಅಂಗಳದ ತುಂಬ ಚೆಲ್ಲಿತು.

"ನೆಲಾ ಮುಟ್ಟಿತು ಅಂತ ಊಟ ಬಿಟ್ಟಾನ?" ಎಂದು ಎರಡು ಸಲ ಕೇಳಿದರು.

"ನೀರೂ ಬಿಟ್ಟಾರ್ರಿ ಅಮ್ಮಾರ."

ಅವರು ಗೋಡೆ ಹಿಡಿದುಕೊಂಡು ಕೂತರು. ನನಗಿಂತ ಹೆಚ್ಚು ಹೆದರಿದವರನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಮಾರನೆಯ ದಿನ ನಸುಕಿನಲ್ಲಿ ಮಗನಿಗೆ ಹೇಳಿ ಗಾಡಿ ಕಟ್ಟಿಸಿದರು. ಬಾವಿ ಬಂದಲ್ಲಿ ನಾನು ನೀರು ತಂದುಕೊಟ್ಟರೆ ಬೇಡ ಎಂದರು. "ನಿನ್ನೆಯಿಂದ ನೀವೂ ಏನೂ ತಗೊಂಡಿಲ್ಲಲ್ರಿ" ಎಂದೆ. "ನನಗ ರೂಢಿ ಐತಿ" ಎಂದಷ್ಟೇ ಹೇಳಿದರು. ಅದರ ಅರ್ಥ ನನಗೆ ಆಗ ಆಗಲಿಲ್ಲ.

ಹೊತ್ತು ಇಳಿಯುವಾಗ ಮಠ ಸೇರಿದೆವು. ಬಾಗಿಲಲ್ಲಿ ಗೌಡರು ಅಡ್ಡ ಬಂದರು. "ಏ ಹುಡುಗಾ, ತಲಿ ಕೆಟ್ಟೈತೇನು ನಿನಗ? ಪೂರ್ವಾಶ್ರಮದವರನ್ನ ಅಜ್ಜಾರ ಮುಂದ ಹೆಂಗ ಬಿಡೂದು?" ಎಂದು ನನ್ನ ಮೇಲೆ ಹರಿಹಾಯ್ದರು. ಅಕ್ಕನವರು ತಲೆಯ ಮೇಲೆ ಸೆರಗು ಎಳೆದುಕೊಂಡು, "ನಾ ಬೇವೂರ ಭಕ್ತಳು. ದರ್ಶನಕ್ಕ ಬಂದೀನ್ರಿ" ಎಂದು ಪಕ್ಕಕ್ಕೆ ಸರಿದು ಒಳಗೆ ನಡೆದರು.

ಅಜ್ಜಾರು ಅದೇ ಕಂಬಕ್ಕೆ ಒರಗಿದ್ದರು. ತುಟಿ ಒಡೆದಿತ್ತು, ಕಣ್ಣು ಒಳಕ್ಕೆ ಹೋಗಿತ್ತು. ಅಕ್ಕನವರು ದೂರದಲ್ಲಿ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದರು.

"ಶರಣ್ರೀ ಅಜ್ಜಾರ."

ಅವರು ಕಣ್ಣು ತೆರೆದರು. ಗುರುತು ಹಿಡಿದದ್ದು ಮುಖದಲ್ಲಿ ಕಂಡಿತು. ನನ್ನನ್ನು ನೋಡಿದರು, ಮತ್ತೆ ಮುಚ್ಚಿಕೊಂಡರು. "ದರ್ಶನ ಆತಲ್ಲ. ಹೋಗಿ ಬರ್ರಿ."

"ಒಂದು ಮಾತು ಕೇಳಿ ಹೋಗ್ತೀನ್ರಿ. ಲಿಂಗ ನೆಲಾ ಮುಟ್ಟಿದ್ರ ಅನ್ನ ನೀರು ಬಿಡಬೇಕು ಅಂತ ನೀವು ಮಂದಿಗೆ ಹೇಳ್ತೀರಂತ. ಖರೇನ್ರಿ?"

"ಖರೆ."

"ಯಾರು ಬಿಡಬೇಕ್ರಿ? ಕಟ್ಟಿಗೊಂಡವ್ರೋ, ಕೆಡವಿದವ್ರೋ?"

"ಕೆಡವಿದವ್ರು."

ಅಕ್ಕನವರು ತಲೆ ಎತ್ತಿದರು. "ಹಂಗಾರ ನಾ ಯಾವಾಗೋ ಬಿಡಬೇಕಾಗಿತ್ರಿ. ನೀವು ತೊಟ್ಟಿಲದಾಗ ಇದ್ರಿ. ಅವ್ವ ಹೊಲಕ್ಕ ಹೋಗಿದ್ಳು. ಎಳೀ ಮೈಗೆ ಒತ್ತೀತು ಅಂತ ನಿಮ್ಮ ಲಿಂಗ ಅರಿವ್ಯಾಗ ಸುತ್ತಿ ತೊಟ್ಟಿಲ ಹಗ್ಗಕ್ಕ ಕಟ್ಟಿದ್ರು. ಒಳಗ ಏನೈತಿ ನೋಡಬೇಕು ಅಂತ ನಾ ಬಿಚ್ಚಿದ್ನಿ. ಕೈಯಾಗಿಂದ ಜಾರಿ ಬೀಸೂಕಲ್ಲಿನ ಬುಡಕ್ಕ ಬಿತ್ತು. ನೆಲಾ ಮುಟ್ಟಿತ್ರಿ. ತೊಳದು, ಹೆಂಗಿತ್ತೋ ಹಂಗ ಕಟ್ಟಿಬಿಟ್ನಿ. ಯಾರಿಗೂ ಹೇಳಲಿಲ್ಲ."

ಅಜ್ಜಾರು ಕಣ್ಣು ತೆರೆದಿದ್ದರು.

"ಕೂಸಿನ ಜೀವಕ್ಕ ಏನಾರ ಆಗ್ತೈತಿ ಅಂತ ಅವತ್ತ ಹೊಕ್ಕ ಹೆದರಿಕಿ, ಹೋಗೇ ಇಲ್ರಿ. ನಿಮಗ ಜ್ವರ ಬಂದ್ರ ಅದಕ್ಕ ಅಂತಿದ್ನಿ. ನೀವು ಮನಿ ಬಿಟ್ಟು ಮಠಕ್ಕ ಹೋದ್ರಿ, ಅದೂ ಅದಕ್ಕ ಅಂದ್ನಿ. ಅವತ್ತ ಸೋಮವಾರ ಇತ್ತು. ಅವತ್ತಿಂದ ಇವತ್ತಿನ ತನಕ ಸೋಮವಾರ ನಾ ನೀರು ಸೈತ ಮುಟ್ಟಿಲ್ಲ. ಗಂಡನ ಮನ್ಯಾಗ ಬೈಸಿಕೊಂಡೀನಿ, ಬಾಣಂತ್ಯಾಗೂ ಬಿಟ್ಟಿಲ್ಲ. ಶಿವಾ, ಕೆಡವಿದಾಕಿ ನಾನು, ನನ್ನ ಹೊಟ್ಟಿ ತಗೋ, ಕೂಸಿನ ಜೀವ ಬಿಡು ಅಂತ." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, ಕಾಲು ಮಡಿಚಿ, ಅಲ್ಲೇ ಕಲ್ಲುಹಾಸಿನ ಮೇಲೆ ಕೂತರು. "ಈಗ ನೀವು ಬಿಡೂದಾದ್ರ ಮೊದಲ ಸರದಿ ನಂದು. ನಾನೂ ಇಲ್ಲೇ ಕುಂದರ್ತೀನಿ."

ಗೌಡರು ಬಾಗಿಲಲ್ಲೇ ನಿಂತಿದ್ದರು. ಅಜ್ಜಾರ ಎಡಗೈ ತೊಡೆಯ ಮೇಲೆ ನಡುಗುತ್ತಿತ್ತು, ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ.

"ಅಕ್ಕಾ" ಎಂದರು. ಆ ಮಠದಲ್ಲಿ ಆ ಶಬ್ದವನ್ನು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. "ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಹೆದರಿಕಿ, ತಮ್ಮಾ."

ಅಜ್ಜಾರು ಅಳಲಿಲ್ಲ. ಅಳುವುದಕ್ಕೆ ಅವರ ಮೈಯಲ್ಲಿ ನೀರು ಇರಲಿಲ್ಲ. ಪೀಠದ ಕಡೆ ನೋಡಿ ಲಿಂಗ ತಾ ಎಂದು ಸನ್ನೆ ಮಾಡಿದರು. ಪೂಜೆಯಾಗದೆ ಅವರು ಏನೂ ಮುಟ್ಟುವವರಲ್ಲ. ನಾನು ತಂದು ಅವರ ಅಂಗೈ ಮೇಲಿಟ್ಟೆ. ಅಂಗೈ ಗಡಗಡ ನಡುಗಿತು. ಅವರು ನನ್ನನ್ನು ನೋಡಿ, "ಬಾರೋ. ನಿನ್ನ ಕೈ ಕೆಳಗ ಇಡು" ಎಂದರು. ಎರಡು ಅಂಗೈ ಮೇಲೆ ಒಂದು ಲಿಂಗ ಇಟ್ಟು ಪೂಜಿಸಬಹುದು ಎಂದು ಅವರು ಯಾರಿಗೂ ಕಲಿಸಿರಲಿಲ್ಲ, ಯಾವ ಮಠದಲ್ಲೂ ನಾನು ಕೇಳಿರಲಿಲ್ಲ. ಇಟ್ಟೆ. ನನ್ನ ಕೈಯೂ ನಡುಗುತ್ತಿತ್ತು.

ಪೂಜೆಯಾದ ಮೇಲೆ ಅಕ್ಕನವರು ಗಂಜಿ ಕೇಳಿದರು. ಕೈಗೆ ಸಿಕ್ಕ ಪಾತ್ರೆಯೆಂದರೆ ಮೂಲೆಯಲ್ಲಿ ನಿಲ್ಲಿಸಿಟ್ಟಿದ್ದ ಆ ಹಿತ್ತಾಳೆ ತಾಟು. ನಾವೆಲ್ಲ ಕಣ್ಣೆತ್ತಿ ನೋಡಲು ಹೆದರುತ್ತಿದ್ದ ತಾಟಿನಲ್ಲಿ ಗಂಜಿ ಆರಿಸಿ, "ಬಾಯಿ ತೆರಿ" ಎಂದು ಅಜ್ಜಾರಿಗೆ ಕುಡಿಸಿದರು. ಅವರು ಒಂದು ಗುಟುಕು ಕುಡಿದು, ತಾಟನ್ನು ಅಕ್ಕನ ಕಡೆಗೆ ತಳ್ಳಿದರು. ಅಕ್ಕ ಕುಡಿದ ಮೇಲೆಯೇ ಅವರಿಗೆ ಎರಡನೆಯ ಗುಟುಕು. ತಾಟು ಬರಿದಾಗುವ ತನಕ ಹಾಗೇ ನಡೆಯಿತು.

ಇದಾದ ಮೇಲೆ ಸೋಮವಾರದ ಉಪವಾಸ ಬಿಡಬೇಕೆಂದು ಅಜ್ಜಾರು ಬೇವೂರಿಗೆ ಹೇಳಿ ಕಳಿಸಿದರು. "ಅಜ್ಜಾರು ಹೇಳಿದ್ರ ಉಣ್ತೀನಿ, ತಮ್ಮ ಹೇಳಿದ್ರ ಉಣ್ಣಂಗಿಲ್ಲ" ಎಂದು ಅಲ್ಲಿಂದ ಉತ್ತರ ಬಂತು. ಜೊತೆಗೆ ಗುರೆಳ್ಳು ಪುಡಿ. ಆ ಸಲ ಹುಡುಗರಿಗೆ ಅರ್ಧವೇ ಸಿಕ್ಕಿತು. ನಮ್ಮ ಬೆನ್ನ ಹಿಂದೆ ತಾಟು ಬೀಳುವುದು ನಿಂತಿತು. ನಿಂತದ್ದು ಗೊತ್ತಾಗದೆ ನಾವು ಎಷ್ಟೋ ಕಾಲ ಕಾಯುತ್ತ ಕೂತಿದ್ದೆವು. ಮುನಿರಾಬಾದಿನಲ್ಲಿ ಆಣೆಕಟ್ಟಿನ ಕೆಲಸ ಶುರುವಾಗಿ ನಮ್ಮ ಕಡೆಯ ಗಂಡಾಳುಗಳು ಅತ್ತ ಹೋಗತೊಡಗಿದ ವರ್ಷ ಅಜ್ಜಾರು ಲಿಂಗೈಕ್ಯರಾದರು. ಸಾಯುವ ಮುಂಚೆ ತಾಟನ್ನು ನನಗೆ ಕೊಟ್ಟಿದ್ದರು. ಸೊಸೆಯ ಕೈಯಿಂದ ಜಾರುವುದು ಅದೇ.

ಆದರೆ ನನಗೆ ಅವರು ನೆನಪಾಗುವುದು ಕೊನೆಯ ಚಳಿಗಾಲದ ಒಂದು ಬೆಳಗ್ಗೆಯಲ್ಲಿ. ಪೂಜೆಗೆ ಕೂತಿದ್ದೆವು, ಅವರ ಅಂಗೈ ಕೆಳಗೆ ನನ್ನ ಅಂಗೈ. ಲಿಂಗದಿಂದ ಕಣ್ಣು ತೆಗೆಯದೆ ಅವರು ಮಾತಾಡಿದರು.

"ಅವತ್ತ ನೀ ಸುಳ್ಳು ಹೇಳಬಹುದಿತ್ತು. ಯಾರೂ ನೋಡಿರಲಿಲ್ಲ."

"ಹೌದ್ರಿ."

"ಯಾಕ ಹೇಳಲಿಲ್ಲ?"

"ಹೆದರಿಕಿ ಆತ್ರಿ."

"ಯಾರ ಹೆದರಿಕಿ? ಶಿವಂದೋ, ನಂದೋ?"

"ನಿಮ್ದರಿ" ಎಂದೆ.

ಅವರ ಮುಖ ಬಾಡಿತು. "ಹಂಗಾರ ನಾ ಇಷ್ಟ ವರ್ಷ ಕಲಿಸಿದ್ದು ಅದೊಂದ ಏನು?" ಎಂದರು.

ಇಲ್ಲ ಎನ್ನಬೇಕಿತ್ತು. ಹೇಳುವುದಕ್ಕೆ ನನ್ನಲ್ಲಿ ಮಾತೂ ಇತ್ತು. ಆದರೆ ಆ ಹೊತ್ತಿಗೆ ಅವರ ಅಂಗೈ ಜೋರಾಗಿ ನಡುಗತೊಡಗಿತ್ತು, ಅದರ ಮೇಲೆ ಲಿಂಗವಿತ್ತು, ಕೆಳಗೆ ನನ್ನ ಕೈ ಇತ್ತು. ಬಾಯಿ ತೆರೆದರೆ ಎಲ್ಲಿ ಬಿದ್ದೀತೋ ಎಂದು ನಾನು ಉಸಿರು ಹಿಡಿದುಕೊಂಡು ಕೂತೆ.